ಬಲೆಗೆ ಬಂದ ಡ್ರೋನ್: ಉತ್ತರ ಕನ್ನಡ ಕರಾವಳಿಯ ಒಂದು ಪ್ರಕರಣ ಅಧ್ಯಯನ

ಈ ಬರಹ ಒಂದು ಪರ್ಸೀನ್ ಬೋಟಿನ, ಎಂದರೆ ಮೀನಿನ ಹಿಂಡನ್ನು ಬಲೆಯಿಂದ ಸುತ್ತಿ ಹಿಡಿಯುವ ಬೋಟಿನ, ಒಂದು ದಿನದ ಅನುಭವವನ್ನು ಕುರಿತದ್ದು. ಬೋಟಿನ ಹೆಸರು, ಬಂದರು, ದಿನಾಂಕ, ಅದರಲ್ಲಿದ್ದವರ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಕಾರವಾರಕ್ಕೂ ಕುಮಟೆಗೂ ನಡುವಿನ ಒಂದು ಬಂದರು ಎಂದಷ್ಟೇ ತಿಳಿದರೆ ಸಾಕು. ಗುರುತಿಗೆ ಎಡೆಗೊಡುವ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಆದರೆ ಯಾರು ಯಾವ ಹೊತ್ತಿನಲ್ಲಿ ಯಾವ ನಿರ್ಧಾರ ತೆಗೆದುಕೊಂಡರು, ಆಗ ಅವರ ಕೈಯಲ್ಲಿ ಎಷ್ಟು ಸಮಯವಿತ್ತು, ಎಷ್ಟು ಮಾಹಿತಿಯಿತ್ತು ಎಂಬುದನ್ನು ನಡೆದಂತೆಯೇ ದಾಖಲಿಸಿದ್ದೇನೆ. ನಾನು ಈ ಭಾಗದ ಮೀನುಗಾರರ ಸಹಕಾರ ಸಂಘಗಳಿಗೆ ಕಡಲ ಸುರಕ್ಷತೆಯ ತರಬೇತಿ ಕೊಡುವವನು. ಆ ದಿನ ಫೋನಿನಲ್ಲಿ ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ, ಮತ್ತು ನಾನು ಕೊಟ್ಟ ಮೊದಲ ಸಲಹೆ ತಪ್ಪಾಗಿತ್ತು. ಆ ತಪ್ಪು ಬೇರೆ ಬಂದರಿನಲ್ಲಿ ಮರುಕಳಿಸಬಾರದು ಎಂಬುದೇ ಇದನ್ನು ಬರೆಯಲು ಮುಖ್ಯ ಕಾರಣ.

ಹಿನ್ನೆಲೆ

ಉತ್ತರ ಕನ್ನಡದ ಕರಾವಳಿಗೆ ಡ್ರೋನ್ ಹೊಸದಲ್ಲ. ಮದುವೆ ಮನೆಗಳಲ್ಲಿ ಅದು ಹಾರುತ್ತದೆ. ಘಟ್ಟದ ಮೇಲೆ ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗದ ಔಷಧಿ ಸಿಂಪಡಿಸಲು ಅದನ್ನು ಬಳಸುವ ಪ್ರಯತ್ನಗಳು ನಡೆದಿವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿ, ಮನುಷ್ಯರು ಎಲ್ಲವೂ ಗಂಗಾವಳಿ ನದಿಯ ಪಾಲಾದಾಗ, ಕೆಸರಿನಡಿ ಲೋಹ ಎಲ್ಲಿದೆ ಎಂದು ಹುಡುಕಲು ಡ್ರೋನಿಗೆ ಕಟ್ಟಿದ ಶೋಧಕ ಸಾಧನವನ್ನೇ ತಂದಿದ್ದರು. ಆ ದಿನಗಳಲ್ಲಿ ದಂಡೆಯ ಮೇಲೆ ನಿಂತು ಆಕಾಶ ನೋಡುತ್ತಿದ್ದವರಿಗೆ ಅದರ ಸದ್ದು ಭರವಸೆಯ ಸದ್ದಾಗಿತ್ತು.

ಅದೇ ಸದ್ದು ಭಯವಾಗಿ ಬದಲಾದದ್ದು 2025ರ ಮೇ ತಿಂಗಳಲ್ಲಿ. ಮೇ 8ರ ರಾತ್ರಿ ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಸ್ಥಳಗಳಲ್ಲಿ ಪಾಕಿಸ್ತಾನದ ಸುಮಾರು 300ರಿಂದ 400 ಡ್ರೋನ್‌ಗಳು ಒಳನುಗ್ಗಲು ಯತ್ನಿಸಿದವು ಎಂದು ಮರುದಿನ ಸೇನೆಯ ಅಧಿಕಾರಿಗಳು ಹೇಳಿದ್ದನ್ನು ಇಲ್ಲಿನ ಪ್ರತಿ ಮನೆಯೂ ಟಿವಿಯಲ್ಲಿ ಕೇಳಿತು. ಗುಜರಾತಿನ ಗಡಿಯಂಚಿನ ಅಳಿವೆ ಸರ್ ಕ್ರೀಕ್‌ನ ಹೆಸರು ಮೀನುಗಾರರಿಗೆ ಚೆನ್ನಾಗಿ ಗೊತ್ತು. ಗುಜರಾತಿನ ಬೋಟುಗಳಲ್ಲಿ ದುಡಿದು ಬಂದವರು ನಮ್ಮಲ್ಲಿದ್ದಾರೆ. ಯುದ್ಧ ಎಂದರೆ ಕಾಶ್ಮೀರ ಎಂದುಕೊಂಡಿದ್ದವರಿಗೆ ಅದು ಕಡಲಿನ ಅಂಚಿನವರೆಗೂ ಚಾಚಿದೆ ಎಂದು ಅರ್ಥವಾಯಿತು.

ಕಾರವಾರದವರು ಇದನ್ನು ಹಗುರಾಗಿ ತೆಗೆದುಕೊಳ್ಳುವಂತಿರಲಿಲ್ಲ. ಅರ್ಗಾದ ಕದಂಬ ನೌಕಾನೆಲೆ 2005ರ ಮೇ 31ರಿಂದ ಕೆಲಸ ಮಾಡುತ್ತಿದೆ. ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಬಂದು ನಿಲ್ಲುವುದು ಅಲ್ಲಿಯೇ. ಕಾಳಿ ನದಿಯ ಮೇಲ್ಗಡೆ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದವು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಆಟಿಕೆಯಂಥದ್ದನ್ನೂ ಹಾರಿಸುವಂತಿಲ್ಲ. 2023ರ ಜೂನ್ 16ರಂದು ತಪಸ್ ಎಂಬ ಮಾನವರಹಿತ ವಿಮಾನ ಚಿತ್ರದುರ್ಗದ ಪರೀಕ್ಷಾ ನೆಲೆಯಿಂದ ಹಾರಿ ಬಂದು, ಅದರ ನಿಯಂತ್ರಣವನ್ನು ಕಾರವಾರ ನೆಲೆಯಿಂದ 148 ಕಿಲೋಮೀಟರ್ ದೂರ ಕಡಲಿನಲ್ಲಿದ್ದ ಸುಭದ್ರಾ ನೌಕೆ ಸುಮಾರು 40 ನಿಮಿಷ ತನ್ನ ಕೈಗೆ ತೆಗೆದುಕೊಂಡಿತ್ತು. ಎಂದರೆ ನಮ್ಮ ಬೋಟುಗಳು ಬಲೆ ಹಾಕುವ ನೀರಿನ ಮೇಲೆ ಇಂಥ ಯಂತ್ರಗಳು ಹಾರುವುದು ಕಲ್ಪನೆಯ ಮಾತಲ್ಲ.

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರು ಚಾಪಲ್ ಯುದ್ಧನೌಕೆಯ ಬಳಿ ನಿಲ್ಲಿಸಿರುವ ಟುಪೊಲೆವ್-142 ವಿಮಾನವನ್ನು ನೋಡಿರುತ್ತಾರೆ. ತಮಿಳುನಾಡಿನ ಅರಕ್ಕೋಣಂ ನೆಲೆಯಿಂದ ಹಾರಿ ದಶಕಗಳ ಕಾಲ ಸಮುದ್ರ ಕಾದ ಆ ವಿಮಾನ 2017ರಲ್ಲಿ ನಿವೃತ್ತವಾಯಿತು. 2020ರ ನವೆಂಬರಿನಲ್ಲಿ ನೌಕಾಪಡೆ ಗುತ್ತಿಗೆಗೆ ತಂದ ಎರಡು ಸೀಗಾರ್ಡಿಯನ್ ಡ್ರೋನ್‌ಗಳು ಇಳಿದದ್ದು ಅದೇ ಅರಕ್ಕೋಣಂನಲ್ಲಿ. ಹತ್ತಾರು ಗಂಟೆ ಕಡಲ ಮೇಲೆ ಸುತ್ತಬಲ್ಲ ಆ ಯಂತ್ರದೊಳಗೆ ಒಬ್ಬ ಮನುಷ್ಯನೂ ಇರುವುದಿಲ್ಲ. 2024ರ ಅಕ್ಟೋಬರಿನಲ್ಲಿ ಭಾರತ ಅಂಥ 31 ಯಂತ್ರಗಳಿಗೆ ಒಪ್ಪಂದ ಮಾಡಿಕೊಂಡಿತು. ತರಬೇತಿಗೆ ಬಂದವರನ್ನು ನಾನು ಆ ಹಳೆಯ ವಿಮಾನದ ಬುಡಕ್ಕೆ ಕರೆದೊಯ್ದು ಈ ಸಂಗತಿ ಹೇಳುವುದುಂಟು. ತರಗತಿಯ ಚಿತ್ರಗಳಿಗಿಂತ ಅದು ಬೇಗ ಮನಸ್ಸಿಗೆ ಹೋಗುತ್ತದೆ.

ಇನ್ನೊಂದು ಹಿನ್ನೆಲೆಯೂ ಇದೆ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಕುಬೇರ್ ಎಂಬ ಮೀನುಗಾರಿಕಾ ಬೋಟನ್ನು ಅಪಹರಿಸಿ ಬಂದಿದ್ದರು. ಅಂದಿನಿಂದ ಮೀನುಗಾರರನ್ನು ಕಡಲಿನ ಕಣ್ಣು ಕಿವಿ ಎಂದು ಕರೆಯುತ್ತಾ ಬಂದಿದ್ದಾರೆ, ಜೊತೆಗೆ ಗುರುತಿನ ಚೀಟಿ, ಬೋಟಿನ ಬಣ್ಣ, ತಪಾಸಣೆ ಎಂದು ಅವರ ಮೇಲೆಯೇ ನಿಗಾ ಇಟ್ಟಿದ್ದಾರೆ. ನೌಕಾನೆಲೆಯ ಮಾಹಿತಿ ಹೊರಗೆ ಕೊಟ್ಟ ಆರೋಪದ ಮೇಲೆ ರಾಷ್ಟ್ರೀಯ ತನಿಖಾ ಸಂಸ್ಥೆ 2025ರ ಫೆಬ್ರವರಿಯಲ್ಲಿ ಈ ಭಾಗದ ಇಬ್ಬರನ್ನು ಬಂಧಿಸಿದ ಮೇಲಂತೂ, ಕಡಲಿನಲ್ಲಿ ಕಂಡದ್ದನ್ನು ಹೇಳಿದರೆ ಒಳಿತೋ ಸುಮ್ಮನಿದ್ದರೆ ಒಳಿತೋ ಎಂಬ ಅಳುಕು ಅನೇಕರಲ್ಲಿ ಬೇರೂರಿತ್ತು. ಈ ಪ್ರಕರಣದ ಬೇರು ಆ ಅಳುಕಿನಲ್ಲಿದೆ.

ಆ ಬೆಳಗು

ಮಳೆಗಾಲದ ನಿಷೇಧ ಮುಗಿದು ಹಂಗಾಮು ಚುರುಕಾಗಿತ್ತು. ಬೋಟಿನಲ್ಲಿ, ಅದನ್ನು ನಡೆಸುವ ತಾಂಡೇಲರೂ ಸೇರಿ, 26 ಜನ. ಅವರಲ್ಲಿ ಹತ್ತು ಮಂದಿ ಖಲಾಸಿಗಳು (ಬೋಟಿನ ಕೆಲಸಗಾರರು) ಪೂರ್ವದ ರಾಜ್ಯಗಳಿಂದ ದುಡಿಯಲು ಬಂದವರು. ದಂಡೆಯಿಂದ ಸುಮಾರು 8 ನಾಟಿಕಲ್ ಮೈಲು ದೂರ, 15 ಮಾರು ನೀರಿನಲ್ಲಿ, ಬೆಳಗಿನ ಜಾವ ಬಂಗಡೆಯ ಹಿಂಡು ಕಂಡು ಬಲೆ ಸುತ್ತಿದರು. ಕೆಳಗಿನ ಬಳೆಗಳ ಮೂಲಕ ಹಗ್ಗ ಬಿಗಿದು ಬಲೆ ಚೀಲದಂತೆ ಮುಚ್ಚಿಕೊಂಡಿತು. ಬೆಂಡುಗಳ ವೃತ್ತ ಕಿರಿದಾಗುತ್ತಾ ಬಂದಾಗ, ಐದೂವರೆಯ ಮಬ್ಬು ಬೆಳಕಿನಲ್ಲಿ, ಒಬ್ಬ ಖಲಾಸಿ ವೃತ್ತದೊಳಗೆ ಕಿತ್ತಳೆ ಬಣ್ಣದ್ದೇನೋ ತೇಲುತ್ತಿರುವುದನ್ನು ಕಂಡ. ಬೇರೆ ಬೋಟಿನ ತೇಲುಗುಂಡು ಇರಬೇಕು ಎಂದುಕೊಂಡರು.

ಬಲೆ ಇನ್ನಷ್ಟು ಎಳೆದಾಗ ಅದು ಒಂದು ಮಗ್ಗುಲಾಗಿ ಉರುಳಿತು. ಮೋಟು ರೆಕ್ಕೆಯೊಂದು ನೀರಿನಿಂದ ಮೇಲೆದ್ದಿತು. ಇನ್ನೊಂದು ಬುಡದಲ್ಲೇ ಮುರಿದಿತ್ತು. ಉದ್ದ ಎರಡು ಮೀಟರಿಗಿಂತ ಹೆಚ್ಚು. ಬಾಲದ ಕಡೆ ಬಿಳಿಬಟ್ಟೆಯಂಥದ್ದು, ತೆಳುವಾದ ಹಗ್ಗಗಳೊಂದಿಗೆ, ಸುತ್ತಿಕೊಂಡಿತ್ತು. ಮೈಮೇಲೆ ಅರ್ಧ ಅಳಿಸಿದ ಅಂಕಿಗಳಿದ್ದವು. ಹೊಟ್ಟೆಯ ಭಾಗದಲ್ಲಿ, ಹಳೆಯ ದೋಣಿಯ ಅಡಿಗೆ ಹತ್ತುವಂಥ ಸಣ್ಣ ಬಿಳಿ ಚಿಪ್ಪುಗಳು ಹಿಡಿದಿದ್ದವು. ಅದರ ಸುತ್ತಲೂ ಬಂಗಡೆ ಕುದಿಯುವ ನೀರಿನಂತೆ ಜಿಗಿಯುತ್ತಿತ್ತು: ತಾಂಡೇಲರ ಅಂದಾಜಿನಲ್ಲಿ 3 ಟನ್, ಆ ದಿನದ ದರದಲ್ಲಿ 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಮೀನು.

ಆಗ ಬೋಟಿನ ಮೇಲೆ ಮೂರು ಮಾತುಗಳು ಒಟ್ಟಿಗೆ ಬಂದವು. ಒಳಗೆ ಎಂಜಿನ್ ಇರುತ್ತದೆ, ಗುಜರಿಗೆ ಒಳ್ಳೆಯ ಬೆಲೆ ಬರುತ್ತದೆ, ಮೇಲೆತ್ತೋಣ ಎಂದರು ಕೆಲವರು. ಸುಮ್ಮನೆ ನೀರಿಗೆ ಬಿಟ್ಟು, ಕಂಡೇ ಇಲ್ಲ ಎನ್ನೋಣ, ಠಾಣೆ ತಿರುಗುವುದು ಯಾರಿಗೆ ಬೇಕು ಎಂದರು ಇನ್ನು ಕೆಲವರು. ಮೂರನೆಯ ಮಾತು ಒಬ್ಬ ಹಿರಿಯ ಖಲಾಸಿಯದು: ಅದರೊಳಗೆ ಬಾಂಬ್ ಇದ್ದರೆ?

ಈ ಪ್ರಶ್ನೆಗೆ ಬೋಟಿನಲ್ಲಿದ್ದ ಯಾರೂ ಉತ್ತರಿಸಲಾರರು, ಮತ್ತು ದೂರದಿಂದ ನೋಡಿದರೆ ತಜ್ಞರೂ ಬೇಗ ಉತ್ತರಿಸಲಾರರು. ಗುರಿಯ ಅಭ್ಯಾಸಕ್ಕೆ ಹಾರಿಸುವ ಡ್ರೋನ್, ಗಸ್ತಿನ ಡ್ರೋನ್, ತಾನೇ ಸಿಡಿತಲೆ ಹೊತ್ತು ಹೋಗಿ ಬೀಳುವ ಡ್ರೋನ್ ಇವುಗಳ ಆಕಾರ ಗಾತ್ರಗಳು ಒಂದಕ್ಕೊಂದು ಹತ್ತಿರದಲ್ಲಿವೆ. ಉಕ್ರೇನಿನ ಮೇಲೆ ರಷ್ಯಾ ಸಾವಿರಗಟ್ಟಲೆ ಪ್ರಯೋಗಿಸಿದ ಇರಾನ್ ಮೂಲದ ಶಾಹೆದ್-136 ಸುಮಾರು ಮೂರೂವರೆ ಮೀಟರ್ ಉದ್ದ, ಎರಡೂವರೆ ಮೀಟರ್ ರೆಕ್ಕೆಯಗಲ, 200 ಕಿಲೋ ತೂಕದ್ದು. ಅದರ ಮೂತಿಯಲ್ಲಿ ಹತ್ತಾರು ಕಿಲೋ ಸ್ಫೋಟಕವಿರುತ್ತದೆ. ಅದು ಸಮುದ್ರಕ್ಕೆ ಬಿದ್ದು ಸಿಡಿಯದೆ ಉಳಿದರೆ, ಮುರಿದ ರೆಕ್ಕೆಯ ಒಂದು ತುಂಡಿನಂತೆಯೇ ಕಂಡೀತು.

ಬೋಟಿನಲ್ಲಿ ನಡೆದ ನಿರ್ಧಾರಗಳು

ತಾಂಡೇಲರು ಮೊದಲು ಮಾಡಿದ್ದು ಬಲೆ ಎಳೆಯುವ ಯಂತ್ರ ನಿಲ್ಲಿಸಿದ್ದು. ಇದು ಆ ದಿನದ ಅತ್ಯಂತ ಸರಿಯಾದ ನಿರ್ಧಾರ ಎಂದು ಈಗಲೂ ನನ್ನ ನಂಬಿಕೆ. ಎಳೆಯುತ್ತಾ ಹೋಗಿದ್ದರೆ ಮೂರು ನಿಮಿಷದಲ್ಲಿ ಆ ವಸ್ತು ಬೋಟಿನ ಮಗ್ಗುಲಿಗೆ ಬಂದು ಬಡಿಯುತ್ತಿತ್ತು. ಬಳಿಕ ಅವರು ಮಾಲೀಕರಿಗೆ ಫೋನ್ ಮಾಡಿದರು. ಮೀನು ತುಂಬಿಸಿಕೊಂಡು ಅದನ್ನು ಅಲ್ಲಿಯೇ ಬಿಟ್ಟು ಬನ್ನಿ ಎಂಬುದು ಮಾಲೀಕರ ಸೂಚನೆ. ಬ್ಯಾಂಕಿನ ಸಾಲದ ಕಂತು ತೀರಿಸಬೇಕಾದ ಮನುಷ್ಯ ಹಾಗೆ ಹೇಳಿದ್ದರಲ್ಲಿ ದುರುದ್ದೇಶ ಹುಡುಕಬಾರದು. ಆದರೆ ಮೀನು ತುಂಬಿಸಬೇಕಾದರೆ ಬಲೆ ಬಿಗಿಯಬೇಕು, ಬಲೆ ಬಿಗಿದರೆ ಆ ವಸ್ತು ಹತ್ತಿರ ಬರುತ್ತದೆ. ತಾಂಡೇಲರು ಹತ್ತು ನಿಮಿಷ ಯೋಚಿಸಿ, ಒಂದು ಬದಿಯ ಬೆಂಡುಗಳನ್ನು ನೀರಿಗೆ ಅದುಮಿಸಿ, ವಸ್ತುವನ್ನು ಉದ್ದನೆಯ ಬಿದಿರಿನಿಂದ ಹೊರಗೆ ತೇಲಿಸಿದರು. ಅದರೊಡನೆ ಮೀನಿನ ಬಹುಪಾಲು ಕಡಲಿಗೆ ಹೋಯಿತು.

ಇಷ್ಟರಲ್ಲಿ ಇನ್ನೊಂದು ಕಡೆ ಬೇರೆಯೇ ನಿರ್ಧಾರವಾಗಿಹೋಗಿತ್ತು. ಇಪ್ಪತ್ತರ ಆಸುಪಾಸಿನ ಖಲಾಸಿಯೊಬ್ಬ 40 ಸೆಕೆಂಡಿನ ವಿಡಿಯೊ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದ. ಅವನ ಉದ್ದೇಶ ಅಚ್ಚರಿ ಹಂಚಿಕೊಳ್ಳುವುದು, ಅಷ್ಟೆ. ವಿಡಿಯೊದಲ್ಲಿ ಆ ವಸ್ತುವಿನ ಹಿಂದೆ ಗುಡ್ಡದ ಸಾಲು, ಒಂದು ಕುರುವೆ (ನಡುಗಡ್ಡೆ), ದೂರದಲ್ಲಿ ನಿಂತ ಹಡಗು ಎಲ್ಲವೂ ಸ್ಪಷ್ಟವಾಗಿದ್ದವು. ಕಡಲು ಬಲ್ಲವರು ಅದನ್ನು ನೋಡಿ ಸ್ಥಳವನ್ನು ಅರ್ಧ ಮೈಲಿನ ಅಂತರದಲ್ಲಿ ಹೇಳಬಹುದಾಗಿತ್ತು. ನಮ್ಮದೇ ಸಾಧನವಾಗಿದ್ದರೆ ಅದರ ನೋಟ, ಅಂಕಿ, ಬಿದ್ದ ಜಾಗ ಇಷ್ಟೂ ಹೊರಗೆ ಹೋದಂತಾಯಿತು. ಶತ್ರುವಿನದ್ದಾಗಿದ್ದರೆ ಅದು ಎಲ್ಲಿಯವರೆಗೆ ತಲುಪಿತು ಎಂದು ಅವರಿಗೇ ವರದಿ ಕಳುಹಿಸಿದಂತಾಯಿತು. ಎರಡರಲ್ಲಿ ಯಾವುದಾದರೂ ನಷ್ಟವೇ.

ಆರೂ ಇಪ್ಪತ್ತಕ್ಕೆ ತಾಂಡೇಲರು ನನಗೆ ಫೋನ್ ಮಾಡಿದರು. “ಮಾಸ್ತರ್ರೇ, ವಿಮಾನದ ಹಾಂಗಿದ್ದದ್ದು ಒಂದು ಬಲೆಗೆ ಬಂದದೆ. ಮೀನು ಹೋಯ್ತು, ಅದು ಹೋಗ್ಲಿ. ಇದ್ನ ಎಂತ ಮಾಡೂದು ಹೇಳಿ.”

ನಾನು ಹೇಳಿದ್ದು: ದೂರದಿಂದ ಹಗ್ಗ ಹಾಕಿ, ನಿಧಾನವಾಗಿ ಬಂದರಿನ ಕಡೆ ಎಳೆದು ತನ್ನಿ, ಅಷ್ಟರಲ್ಲಿ ನಾನು ಪೊಲೀಸರಿಗೆ ತಿಳಿಸುತ್ತೇನೆ. ಕಳೆದುಹೋದರೆ ಮತ್ತೆ ಸಿಗದು ಎಂಬುದು ನನ್ನ ತರ್ಕವಾಗಿತ್ತು. ವಸ್ತುವನ್ನು ಉಳಿಸುವ ಯೋಚನೆಯಲ್ಲಿ ಜನರನ್ನು ಮರೆತೆ.

ಫೋನ್ ಇಟ್ಟ ಕೆಲವು ನಿಮಿಷಗಳಲ್ಲಿ ನನಗೆ ಸೆವಾಸ್ತೊಪೋಲ್ ನೆನಪಾಯಿತು. 2022ರ ಸೆಪ್ಟೆಂಬರಿನಲ್ಲಿ ಕ್ರಿಮಿಯಾದ ಆ ನೌಕಾನೆಲೆಯ ಬಳಿ ಕಿರುದೋಣಿಯಂಥ ಕಪ್ಪು ಸಾಧನವೊಂದು ದಡಕ್ಕೆ ಬಂದು ಬಿದ್ದಿತ್ತು. ರಷ್ಯನ್ನರು ಅದನ್ನು ದಡದಲ್ಲಿ ಬಿಚ್ಚುವ ಗೋಜಿಗೆ ಹೋಗದೆ ಕಡಲಿಗೆ ಎಳೆದೊಯ್ದು ಸ್ಫೋಟಿಸಿದರು. ಅದು ಸ್ಫೋಟಕ ತುಂಬಿದ ಮಾನವರಹಿತ ದೋಣಿಯಾಗಿತ್ತು. ಅಕ್ಟೋಬರ್ 29ರಂದು ಅಂಥವೇ ದೋಣಿಗಳು ಅದೇ ನೆಲೆಯ ಮೇಲೆ ಎರಗಿದವು. 2024ರ ಫೆಬ್ರವರಿ 1ರಂದು ಇವಾನೊವೆತ್ಸ್ ಎಂಬ ಕ್ಷಿಪಣಿ ನೌಕೆಯನ್ನೂ, 14ರಂದು ತ್ಸೆಝಾರ್ ಕುನಿಕೊವ್ ಎಂಬ ದೊಡ್ಡ ನೌಕೆಯನ್ನೂ ಉಕ್ರೇನಿನ ಕಡಲ ಡ್ರೋನ್‌ಗಳು ಮುಳುಗಿಸಿದವು. ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ದೇಶವೊಂದು ದೊಡ್ಡ ನೌಕಾಪಡೆಯನ್ನು ಕಪ್ಪು ಸಮುದ್ರದ ಪಶ್ಚಿಮ ಭಾಗದಿಂದ ಹಿಂದಕ್ಕೆ ಸರಿಸಿತು. ನೌಕಾನೆಲೆ ಇರುವ ಊರಿನವರು ಓದಲೇಬೇಕಾದ ಪಾಠ ಅದು ಎಂದು ತರಗತಿಯಲ್ಲಿ ಹಲವು ಬಾರಿ ಹೇಳಿದ ನಾನೇ, ಗುರುತು ತಿಳಿಯದ ವಸ್ತುವನ್ನು ಇನ್ನೂರು ಬೋಟುಗಳು ಒತ್ತೊತ್ತಾಗಿ ನಿಂತ, ಡೀಸೆಲ್ ಟ್ಯಾಂಕ್ ಇರುವ ಬಂದರಿಗೆ ತರಲು ಹೇಳಿದ್ದೆ.

ಪರಿಚಯದ ನಿವೃತ್ತ ನೌಕಾ ಸಿಬ್ಬಂದಿಯೊಬ್ಬರನ್ನು ಕೇಳಿದಾಗ ಅವರು ಒಂದೇ ಮಾತಿನಲ್ಲಿ ನಿಲ್ಲಿಸಿ ಎಂದರು. ಸಿಡಿತಲೆ ಇಲ್ಲದಿದ್ದರೂ, ಇಳಿಯುವ ಛತ್ರಿ (ಪ್ಯಾರಾಚೂಟ್) ಬಿಚ್ಚಿಸುವ ಮದ್ದು, ಹಾರಿಸುವಾಗ ಬಳಸುವ ರಾಕೆಟಿನ ಉಳಿಕೆ, ಉಪ್ಪುನೀರು ಹೊಕ್ಕ ಬ್ಯಾಟರಿ ಇವುಗಳಲ್ಲಿ ಯಾವುದಾದರೂ ಕೈ ಸುಡಬಹುದು ಎಂದೂ ಹೇಳಿದರು. 6:37ಕ್ಕೆ ನಾನು ತಾಂಡೇಲರಿಗೆ ಮತ್ತೆ ಫೋನ್ ಮಾಡಿ ಮೊದಲಿನ ಮಾತನ್ನು ಹಿಂತೆಗೆದುಕೊಂಡೆ: ಎಳೆಯುವುದು ನಿಲ್ಲಿಸಿ, ಹಗ್ಗಕ್ಕೆ ಲಂಗರು ಕಟ್ಟಿ ಬಿಡಿ, ಮೇಲೆ ಬಾವುಟದ ಬೆಂಡು ಕಟ್ಟಿ, ಗಾಳಿಯ ಮೇಲ್ಗಡೆ, ಎಂದರೆ ಗಾಳಿ ಬರುವ ದಿಕ್ಕಿನಲ್ಲಿ, ಅರ್ಧ ಮೈಲು ದೂರ ಹೋಗಿ ನಿಂತು ಕಾಯಿರಿ. ಆ ಹದಿನೇಳು ನಿಮಿಷದಲ್ಲಿ ಅವರು ಸುಮಾರು ಒಂದು ಮೈಲು ಎಳೆದಿದ್ದರು. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂಬುದು ಆ ಸಲಹೆ ಸರಿಯಾಗಿತ್ತು ಎಂಬುದಕ್ಕೆ ಪುರಾವೆಯಲ್ಲ.

ಚಿಪ್ಪಿನ ಸಾಕ್ಷಿ

ಕಾಯುತ್ತಿದ್ದಾಗ ತಾಂಡೇಲರು ಹೇಳಿದ ಒಂದು ಮಾತು ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿದೆ. ಅದು ನಿನ್ನೆ ಮೊನ್ನೆ ಬಿದ್ದದ್ದಲ್ಲ, ಚಿಪ್ಪು ಹಿಡಿದಿದೆ, ಇಷ್ಟು ಹಿಡಿಯಬೇಕಾದರೆ ಮೂರು ನಾಲ್ಕು ವಾರವಾದರೂ ನೀರಿನಲ್ಲಿರಬೇಕು ಎಂದರು ಅವರು. ಆ ದಿನಗಳ ನೀರಿನ ಸೆಳೆತ ಯಾವ ಕಡೆಯಿಂದ ಇತ್ತು ಎಂಬುದನ್ನೂ ಹೇಳಿದರು. ದಂಡೆಯಲ್ಲಿ ಅದಾಗಲೇ ಹರಡಿದ್ದ ಸುದ್ದಿ, ಹಿಂದಿನ ರಾತ್ರಿ ಡ್ರೋನ್ ದಾಳಿ ನಡೆಯಿತು ಎಂಬುದು. ಒಂದು ಹಿಡಿ ಚಿಪ್ಪು ಆ ಸುದ್ದಿಯನ್ನು ಸುಳ್ಳು ಮಾಡಬಲ್ಲದ್ದಾಗಿತ್ತು. ಆದರೆ ಆ ಮಾತನ್ನು ಕೇಳಿ ದಾಖಲಿಸಿಕೊಳ್ಳುವವರು ಆಗ ಯಾರೂ ಇರಲಿಲ್ಲ. (ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಹಳೆಯದು ಎಂದ ಮಾತ್ರಕ್ಕೆ ನಿರುಪದ್ರವಿ ಎಂದಲ್ಲ. ಸ್ಫೋಟಕಕ್ಕೆ ವಯಸ್ಸಾದರೆ ಅದು ಇನ್ನಷ್ಟು ಅಸ್ಥಿರವಾಗುವುದುಂಟು. ತಾಂಡೇಲರು ಚಿಪ್ಪು ಕಂಡ ಮೇಲೆ ಸ್ವಲ್ಪ ಧೈರ್ಯಗೊಂಡು ಹತ್ತಿರ ಹೋಗಿದ್ದರು, ಹೋಗಬಾರದಿತ್ತು.)

ಯಾರದ್ದು ಎಂದು ತಿಳಿಯದಿರುವುದು ಡ್ರೋನ್ ಯುದ್ಧದ ನಡುವೆಯೇ ಕುಳಿತಿರುವ ಪ್ರಶ್ನೆ. ವಿಮಾನ ಬಿದ್ದರೆ ಚಾಲಕ ಸಿಗುತ್ತಾನೆ, ಅವನ ಸಮವಸ್ತ್ರ ಸಿಗುತ್ತದೆ. ಡ್ರೋನ್ ಬಿದ್ದರೆ ಅಂಗಡಿಯಲ್ಲಿ ಸಿಗುವ ಮೋಟಾರು, ಎಲೆಕ್ಟ್ರಾನಿಕ್ ಚಿಪ್, ತಂತಿ ಸಿಗುತ್ತವೆ. 2021ರ ಜೂನ್ 27ರ ನಸುಕಿನಲ್ಲಿ ಜಮ್ಮುವಿನ ವಾಯುಪಡೆಯ ನೆಲೆಯ ಮೇಲೆ ಡ್ರೋನ್ ಮೂಲಕ ಎರಡು ಸ್ಫೋಟಕಗಳು ಬಿದ್ದಾಗ, ಎಲ್ಲಿಂದ ಯಾರು ಹಾರಿಸಿದರು ಎಂಬುದು ಆ ಕ್ಷಣಕ್ಕೆ ಕಣ್ಣಿಗೆ ಕಾಣುವ ಸಂಗತಿಯಾಗಿರಲಿಲ್ಲ. 2023ರ ಡಿಸೆಂಬರ್ 23ರಂದು ಸೌದಿ ಅರೇಬಿಯಾದಿಂದ ನಮ್ಮ ನವ ಮಂಗಳೂರು ಬಂದರಿಗೆ ಬರುತ್ತಿದ್ದ ಕೆಮ್ ಪ್ಲೂಟೊ ಟ್ಯಾಂಕರಿಗೆ ಪೋರಬಂದರದಿಂದ ಸುಮಾರು 200 ನಾಟಿಕಲ್ ಮೈಲು ದೂರದಲ್ಲಿ ಡ್ರೋನ್ ಬಡಿದು ಬೆಂಕಿ ಹತ್ತಿತು. ಅದರಲ್ಲಿದ್ದವರಲ್ಲಿ 21 ಜನ ಭಾರತೀಯರು. ಇರಾನಿನಿಂದ ಹಾರಿಸಿದ್ದು ಎಂದು ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. 2025ರ ಸೆಪ್ಟೆಂಬರ್ 22ರಂದು ಕೋಪನ್‌ಹೇಗನ್ ವಿಮಾನ ನಿಲ್ದಾಣ ಡ್ರೋನ್ ಕಂಡದ್ದಕ್ಕೆ ಗಂಟೆಗಟ್ಟಲೆ ಮುಚ್ಚಿತು. ಹೀಗೆ ಉತ್ತರ ಸಿಗುವ ಮೊದಲಿನ ಆ ಗಂಟೆಗಳಲ್ಲಿ ವದಂತಿ ಆಡುತ್ತದೆ, ಸರ್ಕಾರಗಳ ಮೇಲೆ ಪ್ರತೀಕಾರದ ಒತ್ತಡ ಏರುತ್ತದೆ. ಬೆಲೆಯ ಮಾತನ್ನು ಎಲ್ಲರೂ ಆಡುತ್ತಾರೆ: ಕೆಲವು ನೂರು ಡಾಲರಿನ ಡ್ರೋನ್ ಲಕ್ಷಾಂತರ ಡಾಲರಿನ ಟ್ಯಾಂಕನ್ನು ಸುಡುತ್ತದೆ, ಕೆಂಪು ಸಮುದ್ರದಲ್ಲಿ ಯೆಮೆನಿನ ಹೂಥಿ ಬಂಡುಕೋರರ ಅಗ್ಗದ ಡ್ರೋನ್ ಹೊಡೆಯಲು ಹತ್ತು ಲಕ್ಷ ಡಾಲರಿಗೂ ಮಿಗಿಲಾದ ಕ್ಷಿಪಣಿ ಬೇಕಾಗುತ್ತದೆ ಎಂದು. ಅದು ನಿಜ. ಆದರೆ ಈ ಪ್ರಕರಣ ನೋಡಿದ ಮೇಲೆ, ಅಗ್ಗಕ್ಕಿಂತ ಅನಾಮಿಕತೆಯೇ ಹೆಚ್ಚು ಅಪಾಯಕಾರಿ ಎಂದು ನನಗೆ ಅನ್ನಿಸಿದೆ. ಮತ್ತು ಆ ಅನಾಮಿಕ ವಸ್ತುವನ್ನು ಮೊದಲು ಮುಟ್ಟುವವರು ಸೈನಿಕರಲ್ಲ, ನಮ್ಮಂಥವರು. 2025ರ ಜೂನ್ 1ರಂದು ಉಕ್ರೇನ್ 117 ಡ್ರೋನ್‌ಗಳನ್ನು ಲಾರಿಗಳ ಮೇಲಿನ ಮರದ ಪೆಟ್ಟಿಗೆಗಳಲ್ಲಿ ಅಡಗಿಸಿ ರಷ್ಯಾದ ಒಳನಾಡಿಗೆ ಸಾಗಿಸಿ ವಾಯುನೆಲೆಗಳ ಮೇಲೆ ಹಾರಿಸಿದಾಗ, ಆ ಲಾರಿಗಳು ಹಾದುಹೋದದ್ದು ಸಾಮಾನ್ಯ ಹೆದ್ದಾರಿಗಳಲ್ಲಿ, ಸಾಮಾನ್ಯ ಜನರ ಕಣ್ಣೆದುರಿನಲ್ಲಿ.

ದಂಡೆಯಲ್ಲಿ ನಡೆದದ್ದು

ಏಳೂವರೆಯ ಹೊತ್ತಿಗೆ ವಿಡಿಯೊ ಜಿಲ್ಲೆಯ ಹೊರಗೂ ಹೋಗಿತ್ತು. ಜೆಟ್ಟಿಯ ಮೇಲೆ ನೂರಾರು ಜನ ಸೇರಿದರು, ಮೀನಿನ ಹರಾಜು ನಿಂತಿತು, ಕೆಲವರು ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಹೋದರು. ಕಾರವಾರದಲ್ಲಿ 2024ರ ನವೆಂಬರಿನಲ್ಲಿ ಬೆನ್ನಿಗೆ ಜಿಪಿಎಸ್ ಸಾಧನ ಹೊತ್ತ ರಣಹದ್ದೊಂದು ಕಂಡಾಗಲೂ ಗೂಢಚಾರಿಕೆಯ ಮಾತು ಹಬ್ಬಿತ್ತು. ಅದು ಮಹಾರಾಷ್ಟ್ರದ ತಾಡೋಬಾ ಕಡೆಯಿಂದ ಅಧ್ಯಯನಕ್ಕಾಗಿ ಬಿಟ್ಟ ಹಕ್ಕಿ ಎಂದು ಬಳಿಕ ತಿಳಿಯಿತು. ಆ ಅನುಭವ ಊರಿಗೆ ಹೊಸ ವಿವೇಕ ಕೊಟ್ಟಿರಲಿಲ್ಲ.

ಹೆಚ್ಚು ನೋವಿನ ಸಂಗತಿ ಇನ್ನೊಂದಿದೆ. ಬೋಟಿನಲ್ಲಿ ಹೊರರಾಜ್ಯದ ಖಲಾಸಿಗಳಿದ್ದಾರೆ ಎಂಬ ಸುದ್ದಿ ಹಬ್ಬಿ, ಅದೇ ಬಂದರಿನ ಬೇರೆ ಬೋಟುಗಳ ಅಂಥ ಹುಡುಗರನ್ನು ಕೆಲವರು ಸುತ್ತುವರಿದು ಆಧಾರ್ ತೋರಿಸಿ, ಫೋನ್ ತೋರಿಸಿ ಎಂದು ಪೀಡಿಸಿದರು. ಒಬ್ಬನ ಫೋನ್ ಕಸಿದುಕೊಂಡರು. ಐಸ್ ಪ್ಲಾಂಟಿನ ಹಿರಿಯರೊಬ್ಬರು ಆ ಹುಡುಗರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡದ್ದರಿಂದ ಮುಂದಿನ ಅನಾಹುತ ತಪ್ಪಿತು. ಕಡಲಿನಲ್ಲಿದ್ದ ವಸ್ತು ಯಾರಿಗೂ ಗಾಯ ಮಾಡಲಿಲ್ಲ. ಅದರ ಸುದ್ದಿ ಮಾಡಿತು.

ಅಧಿಕಾರಿಗಳಿಗೆ ಮಾಹಿತಿ ತಲುಪಿದ ಬಗೆಯನ್ನೂ ಹೇಳಬೇಕು. ನಾನು ಮೊದಲು ಸಂಪರ್ಕಿಸಿದ ಕಚೇರಿಯಲ್ಲಿ ಮೂವರು ಮೂರು ಬಾರಿ ಅದೇ ಪ್ರಶ್ನೆ ಕೇಳಿದರು: ನೀವು ಯಾರು, ನಿಮಗೆ ಹೇಗೆ ಗೊತ್ತು. ಸ್ಥಳದ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ ಎಂದರೆ ಬರೆದುಕೊಳ್ಳಲು ಯಾರೂ ಸಿದ್ಧರಿರಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಬೋಟಿನ ವಿಎಚ್‌ಎಫ್ ವೈರ್‌ಲೆಸ್. ಕಡಲಿನ ತುರ್ತು ಕರೆಗಳ 16ನೇ ಚಾನೆಲ್‌ನಲ್ಲಿ ತಾಂಡೇಲರು ಸ್ಥಳ ಹೇಳಿದ ಮೇಲೆ ಉತ್ತರ ಬಂತು, ದೂರವಿರಿ ಎಂಬ ಸೂಚನೆ ಬಂತು, ಒಂಬತ್ತರ ಹೊತ್ತಿಗೆ ಗಸ್ತಿನ ನೌಕೆ ಬಂತು. ನಾನು ಎಲ್ಲದಕ್ಕೂ ಮೊದಲು ಹೇಳಬೇಕಾಗಿದ್ದ ಮಾತು ಇದೇ ಆಗಿತ್ತು.

ಬಂದವರು ಬಹಳ ಎಚ್ಚರದಿಂದ ಪರೀಕ್ಷಿಸಿ, ವಸ್ತುವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅದು ಗುರಿ ಅಭ್ಯಾಸಕ್ಕೆ ಹಾರಿಸುವ ಡ್ರೋನಿನ ಅವಶೇಷ ಎಂದು ಬಾಯಿಮಾತಿನಲ್ಲಿ ತಾಂಡೇಲರಿಗೆ ತಿಳಿಸಿದರು. ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳಲಿಲ್ಲ, ಗೊತ್ತಿದ್ದರೂ ಬರೆಯುತ್ತಿರಲಿಲ್ಲ. ಸಂಜೆಯವರೆಗೆ ಸಿಬ್ಬಂದಿಯ ಹೇಳಿಕೆ ನಡೆಯಿತು. ವಿಡಿಯೊ ಮಾಡಿದ ಹುಡುಗನ ಫೋನ್ ಒಂದು ವಾರ ಠಾಣೆಯಲ್ಲಿತ್ತು. ಅವನ ಮೇಲೆ ಪ್ರಕರಣ ದಾಖಲಾಗಲಿಲ್ಲ, ಆದರೆ ಆ ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ ಎಂದು ತಾಂಡೇಲರು ಹೇಳಿದರು. ಹೋದ ಮೀನಿಗೆ ಪರಿಹಾರ ಕೊಡುವ ಯಾವ ಕ್ರಮವೂ ಇರಲಿಲ್ಲ.

ನಂತರ ಮಾಡಿದ್ದು

ಹದಿನೈದು ದಿನಗಳ ನಂತರ ಸಹಕಾರ ಸಂಘದ ಕೋಣೆಯಲ್ಲಿ ಕುಳಿತು ಆ ದಿನವನ್ನು ನಿಮಿಷ ನಿಮಿಷವಾಗಿ ಮತ್ತೆ ಓದಿದೆವು. ತಪ್ಪು ಯಾರದ್ದು ಎಂದು ಹುಡುಕುವುದು ಬೇಡ, ಯಾವ ನಿಮಿಷದಲ್ಲಿ ಯಾವ ಮಾಹಿತಿ ಬೇಕಿತ್ತು ಎಂದು ಹುಡುಕೋಣ ಎಂಬುದು ಮೊದಲೇ ಮಾಡಿಕೊಂಡ ಒಪ್ಪಂದ. ನನ್ನ ತಪ್ಪು ಸಲಹೆಯಿಂದಲೇ ಆರಂಭಿಸಿದ್ದರಿಂದ ಉಳಿದವರು ತಮ್ಮದನ್ನು ಹೇಳಲು ಹಿಂಜರಿಯಲಿಲ್ಲ. ವಿಡಿಯೊ ಮಾಡಿದ ಹುಡುಗನೂ ಎದ್ದು ನಿಂತು ಮಾತಾಡಿದ. ಫೋಟೊ ತೆಗೆಯಬೇಡಿ ಎಂದು ತನಗೆ ಯಾರೂ ಯಾವತ್ತೂ ಹೇಳಿರಲಿಲ್ಲ ಎಂದ. ಅದು ನಿಜವಾಗಿತ್ತು. ನನ್ನ ತರಬೇತಿಗಳು ತಾಂಡೇಲರಿಗೆ, ಮಾಲೀಕರಿಗೆ ನಡೆಯುತ್ತಿದ್ದವು; ಫೋನ್ ಇದ್ದದ್ದು ಖಲಾಸಿಗಳ ಕೈಯಲ್ಲಿ.

ಹಾಗಾಗಿ ಎರಡು ಬದಲಾವಣೆ ಮಾಡಿದೆವು. ತರಬೇತಿಯನ್ನು ಜೆಟ್ಟಿಯ ಮೇಲೆ, ಖಲಾಸಿಗಳು ಬಲೆ ಹೊಲಿಯುತ್ತಾ ಕುಳಿತಿರುವ ಮಧ್ಯಾಹ್ನದ ಹೊತ್ತಿನಲ್ಲಿ, ಕನ್ನಡದ ಜೊತೆ ಕೊಂಕಣಿ ಮತ್ತು ಹಿಂದಿಯಲ್ಲಿ ಕೊಡಲು ತೊಡಗಿದೆವು. ಪ್ರತಿ ಬೋಟಿನ ಕ್ಯಾಬಿನ್ನಿನಲ್ಲಿ ಒಂದು ಹಾಳೆ ಅಂಟಿಸಿದೆವು: ಮುಟ್ಟಬೇಡಿ, ಎಳೆಯಬೇಡಿ, ಗಾಳಿಯ ಮೇಲ್ಗಡೆ ದೂರ ಹೋಗಿ, 16ನೇ ಚಾನೆಲ್‌ನಲ್ಲಿ ಸ್ಥಳ ಹೇಳಿ, ಸಿಗದಿದ್ದರೆ ಕರಾವಳಿ ಕಾವಲು ಪೊಲೀಸರ 1093 ಅಥವಾ ಕೋಸ್ಟ್ ಗಾರ್ಡ್‌ನ 1554, ಫೋಟೊ, ವಿಡಿಯೊ ಬೇಡ. ಹೋದ ಮೀನಿನ ಬೆಲೆಯ ಒಂದು ಭಾಗವನ್ನು ಸಂಘದ ಕ್ಷೇಮನಿಧಿಯಿಂದ ಕೊಡಬೇಕು ಎಂಬ ಮಾತಿಗೆ ಬಹಳ ಚರ್ಚೆಯಾಯಿತು. ಸರ್ಕಾರ ಕೊಡಬೇಕಾದದ್ದನ್ನು ನಾವೇಕೆ ಕೊಡಬೇಕು ಎಂದು ಕೆಲವರು ಕೇಳಿದ್ದರಲ್ಲಿ ನ್ಯಾಯವಿತ್ತು. ಆದರೂ ಕೊನೆಗೆ ಒಪ್ಪಿದರು, ಏಕೆಂದರೆ ಮೀನು ಬಿಡುವವನಿಗೆ ಪೂರಾ ನಷ್ಟವಾಗುವುದಾದರೆ ಮುಂದಿನ ಸಲ ಯಾವ ತಾಂಡೇಲನೂ ಬಲೆ ತೆರೆಯುವುದಿಲ್ಲ. ಭದ್ರತೆಯ ಮಾತಾಡುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಸರ್ಕಾರಕ್ಕೂ ಮನವಿ ಹೋಗಿದೆ, ಉತ್ತರ ಬಂದಿಲ್ಲ.

ಐದು ತಿಂಗಳ ನಂತರ ಅದೇ ಬಂದರಿನ ಬೇರೊಂದು ಬೋಟಿಗೆ, ಹಳದಿ ಬಣ್ಣದ, ಮೇಲೆ ಆಂಟೆನಾ ಇರುವ ಗುಂಡಗಿನ ಸಾಧನವೊಂದು ತೇಲುತ್ತಾ ಕಂಡಿತು. ಅವರು ಅದರ ಬಳಿ ಹೋಗಲಿಲ್ಲ. ಮೊದಲ ವೈರ್‌ಲೆಸ್ ಕರೆಯಿಂದ ಉತ್ತರ ಬರುವವರೆಗೆ ಹಿಡಿದದ್ದು ನಾಲ್ಕು ನಿಮಿಷ. ಅದು ಸಮುದ್ರ ವಿಜ್ಞಾನದ ಸಂಶೋಧನೆಗೆ ಬಿಟ್ಟ ಮಾಪಕ ಎಂದು ಮಧ್ಯಾಹ್ನದೊಳಗೆ ತಿಳಿಯಿತು. ಒಂದೇ ಒಂದು ಚಿತ್ರವೂ ಹೊರಗೆ ಬರಲಿಲ್ಲ, ಜೆಟ್ಟಿಯಲ್ಲಿ ಹರಾಜು ನಿಲ್ಲಲಿಲ್ಲ, ಬೋಟಿನ ಎಂಟು ಜನ ಹೊರರಾಜ್ಯದ ಹುಡುಗರನ್ನು ಯಾರೂ ಏನೂ ಕೇಳಲಿಲ್ಲ.

ಕಳೆದ ತಿಂಗಳು ನಾನು ಮೊದಲಿನ ಬೋಟಿನ ಕ್ಯಾಬಿನ್ನಿಗೆ ಹೋಗಿದ್ದೆ. ಹಾಳೆ ಉಪ್ಪಿನ ಗಾಳಿಗೆ ಅಂಚಿನಲ್ಲಿ ಸುರುಟಿದೆ. ನಾವು ಮುದ್ರಿಸಿದ ಸಾಲುಗಳ ಕೆಳಗೆ ತಾಂಡೇಲರು ನೀಲಿ ಶಾಯಿಯಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ: “ಚಿಪ್ಪು ಹಿಡಿದದೆಯೋ ಇಲ್ಲವೋ ದೂರದಿಂದ ನೋಡಿ, ವೈರ್‌ಲೆಸ್ಸಿನಲ್ಲಿ ಹೇಳುವುದು.” ಹೊಸ ಹಾಳೆಗಳಲ್ಲಿ ಅದನ್ನೂ ಅಚ್ಚು ಮಾಡಿಸಿದ್ದೇವೆ.